ಬೆಳ್ಳಾವಿಯಲ್ಲಿ ಕೂತು ಕರ್ನಲ್ ಪ್ಯಾಚ್ ನೋಡುವ ಕ್ರಮ

ಬೇಕಾಗುವ ಸಾಮಗ್ರಿ: ಲ್ಯಾಪ್‌ಟಾಪ್ ಒಂದು, ಕರೆಂಟ್ ಇರುವ ಎರಡು ಗಂಟೆ, ತೋಟದ ಲೆಕ್ಕ ಬಲ್ಲ ದೊಡ್ಡಪ್ಪ ಒಬ್ಬರು. ಮೂರನೆಯದು ಕಡ್ಡಾಯ.

ಮೊದಲಿಗೇ ಪ್ಯಾಚ್ ತೆರೆಯಬೇಡಿ. "ನಮ್ಮದು ಎಷ್ಟೆಕರೆ ದೊಡ್ಡಪ್ಪ?" ಅಂತ ಕೇಳಿ. ಬಗರ್ ಹುಕುಂ ಅರ್ಜಿ ಹಾಕಿ ಕೂತಿರುವುದನ್ನೂ ಸೇರಿಸಿ ಒಂದು ಸಂಖ್ಯೆ ಹೇಳುತ್ತಾರೆ. ಪ್ರೋಸೆಸ್ಸಿನ ಮೆಮೊರಿ ಲೆಕ್ಕದಲ್ಲಿ ಅದು ವಿಎಂ ಸೈಜ್. ನಿಜಕ್ಕೂ ಕೈಗೆ ಬಂದದ್ದು ಆರ್‌ಎಸ್‌ಎಸ್. ಜಂಟಿ ಪಹಣಿಯ ತೋಟವನ್ನು ನಾಲ್ವರು ಅಣ್ಣತಮ್ಮಂದಿರೂ ಪೂರ್ತಿ ನಮ್ಮದೇ ಎನ್ನುವಂತೆ, ಹಂಚಿಕೊಂಡ ಮೆಮೊರಿ ಪುಟವನ್ನು ಆರ್‌ಎಸ್‌ಎಸ್ ಪ್ರತಿ ಪ್ರೋಸೆಸ್ಸಿಗೂ ಪೂರ್ತಿ ಬರೆಯುತ್ತದೆ. ಎಲ್ಲರದನ್ನೂ ಕೂಡಿದರೆ ಯಂತ್ರದಲ್ಲಿರುವ ಮೆಮೊರಿಯನ್ನೇ ಮೀರಬಹುದು. ಭಾಗ ಮಾಡಿ ಹೇಳುವ ಪಿಎಸ್‌ಎಸ್ 2008ರಲ್ಲಿ ಬಂತು. ಅಣ್ಣತಮ್ಮಂದಿರ ಭಾಗ ಇನ್ನೂ ಆಗಿಲ್ಲ.

ಈಗ ಪ್ಯಾಚ್ ತೆರೆಯಿರಿ, ಕಿಟಕಿಯಾಚೆ ತೋಟವನ್ನೂ ನೋಡಿ. ಎಂಟು ಜನ ತೆಂಗಿನಕಾಯಿ ಕೆಡವುತ್ತಿದ್ದಾರೆ. ಒಂದೊಂದು ಕಾಯಿಗೂ ಓಡಿಬಂದು ಬರೆಸು ಅಂದರೆ ಕೆಲಸ ಸಾಗುವುದಿಲ್ಲ. 32 ಆಗುವ ತನಕ ಮನಸ್ಸಿನಲ್ಲೇ ಇಟ್ಟುಕೊಂಡು ಆಮೇಲೆ ಬರೆಸಿ ಎಂದು ಏರ್ಪಾಡಾಯಿತು. ಯಾರದ್ದೂ 32 ಆಗುವ ಮೊದಲೇ ದೊಡ್ಡಪ್ಪ ಬಂದು ಪುಸ್ತಕ ತೆಗೆದರೆ ಸೊನ್ನೆ! ಅಂಗಳದಲ್ಲಿ ಗುಡ್ಡೆ ಬಿದ್ದಿದೆ.

2023ರ ಫೆಬ್ರವರಿಯ 6.2 ಆವೃತ್ತಿಯಿಂದ ಲಿನಕ್ಸ್ ಕರ್ನಲ್ ಆರ್‌ಎಸ್‌ಎಸ್ ಲೆಕ್ಕದಲ್ಲಿ ಮಾಡುತ್ತಿರುವುದು ಇದನ್ನೇ. ಸಿಪಿಯು ಒಂದೊಂದಕ್ಕೂ ಸ್ವಂತ ಲೆಕ್ಕ. ಮಿತಿ 32 ಪುಟ, ಇಲ್ಲವೇ ಸಿಪಿಯು ಸಂಖ್ಯೆಯ ಎರಡರಷ್ಟು, ಯಾವುದು ದೊಡ್ಡದೋ ಅದು. ನಿಮ್ಮ ಎಂಟು ಸಿಪಿಯು ಲ್ಯಾಪ್‌ಟಾಪಿನಲ್ಲಿ ಹೆಚ್ಚೆಂದರೆ 1 ಎಂಬಿ ಏರುಪೇರು. 256 ಸಿಪಿಯುಗಳ ಸರ್ವರಿನಲ್ಲಿ, ಪುಟಕ್ಕೆ 4 ಕೆಬಿ ಹಿಡಿದರೂ, 500 ಎಂಬಿ ಹತ್ತಿರ ಪುಸ್ತಕಕ್ಕೆ ಸಿಗದೆ ಉಳಿಯಬಹುದು. ಆದ್ದರಿಂದ 2025ರಲ್ಲಿ ತಿದ್ದುಪಡಿ ಬಂತು, ನೀವು ತೆರೆದ ಪ್ಯಾಚ್ ಅದೇ: ಪ್ರೋಸೆಸ್ಸಿನ ಸ್ಟೇಟಸ್ ಕಡತ ಓದಿದಾಗ ಪುಸ್ತಕ ನೋಡಿ ಸುಮ್ಮನಾಗದೆ ಎಲ್ಲರನ್ನೂ ಕೇಳಿ ಕೂಡು.

ಕೋಡಿನಲ್ಲಿ ಇದು 'ರೀಡ್' ಇದ್ದಲ್ಲಿ 'ಸಮ್' ಹಾಕಿದಷ್ಟೇ. ಚಿಕ್ಕದೆಂದು ಸಹಿ ಹಾಕಬೇಡಿ. ಕೂಡುವಾಗ ಬೀಗ ಹಾಕಬೇಕು, ಸಿಪಿಯುಗಳನ್ನೆಲ್ಲ ಸುತ್ತಬೇಕು. ಯಾರೋ ಲೆಕ್ಕ ಕೇಳಿದಾಗ ಮಾತ್ರ ಹೀಗಾದರೆ ಸರಿ. ಹೊಸ ಪುಟ ಕೊಡುವ ದಾರಿಯಲ್ಲೂ ಇದನ್ನು ತೂರಿಸಿದ್ದರೆ, ಪ್ರತಿ ಕಾಯಿಗೂ ಎಂಟೂ ಜನರನ್ನು ಮರದಿಂದ ಇಳಿಸಿದಂತೆ. ಲೆಕ್ಕ ಕೇಳುವುದೂ ಅಪರೂಪವಲ್ಲ: 'ಟಾಪ್' ಮೂರು ಸೆಕೆಂಡಿಗೊಮ್ಮೆ ಪ್ರತಿ ಪ್ರೋಸೆಸ್ಸಿನ ಲೆಕ್ಕ ಕೇಳುತ್ತದೆ. ಅದಕ್ಕೆಷ್ಟು ಸಮಯ ಹಿಡಿಯುತ್ತದೆ, ಅಳೆದ ಅಂಕಿ ಕೊಡಿ ಎಂದು ಬರೆದವರನ್ನೇ ಕೇಳಿ.

ಎಚ್ಚರಿಕೆ: ಸ್ಟೇಟಸ್ ಕಡತದ 'ಕೆಬಿ' ನಿಜದಲ್ಲಿ 1024 ಬೈಟ್. ಗೊತ್ತಿದ್ದರೂ ಮುಟ್ಟಬೇಡಿ. ಪಹಣಿಯಲ್ಲಿ ತಾತನ ಹೆಸರು ತಪ್ಪಾಗಿ ಕೂತ ಹಾಗೆ ಇದು. ಮಿಕ್ಕ ದಾಖಲೆಗಳೆಲ್ಲ ಅದನ್ನೇ ನಂಬಿಕೊಂಡಿವೆ.

ಕೊನೆಯದಾಗಿ, ಪ್ಯಾಚಿನ ವಿವರಣೆ ಓದಿ. ಈ ಊರಿನ ಹೆಸರು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪ, ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು, 1918ರಲ್ಲೇ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ನಡೆಸಿದವರು. ಅವರ ಹಾಗೆ ನೀವೂ ಪ್ಯಾಚ್ ಏನು ಮಾಡುತ್ತದೆಂದು ದೊಡ್ಡಪ್ಪನಿಗೆ ಕನ್ನಡದಲ್ಲಿ ಹೇಳಿ ನೋಡಿ. ದೊಡ್ಡಪ್ಪ "ಹ್ಞೂ" ಅಂದ ಮೇಲೆ 'ರಿವ್ಯೂಡ್ ಬೈ' ಎಂದು ನಿಮ್ಮ ಹೆಸರು ಹಾಕಿ.