ಶನಿಮಹಾತ್ಮನೇ ವಾಸಿ

ಶಿಕ್ಷೆ ಹಂಚುವುದರಲ್ಲಿ ನಮ್ಮ ಸೀಮೆಯವರು ಮಹಾ ಉದಾರಿಗಳು, ಅನುಭವಿಸುವವನು ಪಕ್ಕದ ಮನೆಯವನ ಮಗನಾಗಿದ್ದರೆ. ಶಿರಾದ ಯಾವುದೇ ಟೀ ಅಂಗಡಿಯಲ್ಲಿ ಕೂತು ಕೇಳಿ. ಹದಿನಾರರ ಹುಡುಗ ಮೊಬೈಲ್ ಎಗರಿಸಿದ ಸುದ್ದಿ ಬಂದರೆ, ಲೋಟ ಖಾಲಿಯಾಗುವುದರೊಳಗೆ ಕೈ ಕಡಿದು, ಗಲ್ಲಿಗೇರಿಸಿ, ಬೀಡಿ ಹಚ್ಚಿರುತ್ತಾರೆ. ಅಷ್ಟರಲ್ಲಿ ಸ್ವಂತ ಮಗ, ಇನ್ನೂ ಪಿಯುಸಿ, ಹಿಂದೆ ಇಬ್ಬರನ್ನು ಹೇರಿಕೊಂಡು ಪಲ್ಸರ್‌ನಲ್ಲಿ ಭರ್ರೆಂದು ಹೋದರೆ, "ನಮ್ಮುಡುಗ, ಗಾಡಿ ಚೆನ್ನಾಗಿ ಓಡುಸ್ತಾನೆ".

ಆ ಗಾಡಿ ಯಾರಿಗಾದರೂ ಗುದ್ದಿದರೆ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ಕೀ ಕೊಟ್ಟ ಅಪ್ಪನಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ಹೇಳಿ ನೋಡಿ, ಗಲ್ಲಿಗೇರಿಸಿದವರೇ ಕರುಣಾಳುಗಳಾಗುತ್ತಾರೆ: "ಹುಡುಗ್ರು ಸಾರ್, ಬುದ್ಧಿ ಹೇಳಿ ಬಿಡ್ಬೇಕು."

ಪಾವಗಡದ ಶನಿಮಹಾತ್ಮ ಕೂಡ ಏಳೂವರೆ ವರ್ಷ ಕಾಡಿ ಬಿಟ್ಟುಬಿಡುತ್ತಾನೆಂದು ಜನ ನಂಬಿದ್ದಾರೆ. 2015ರ ಬಾಲನ್ಯಾಯ ಕಾಯ್ದೆ ಇನ್ನೂ ಮೆತ್ತಗೆ. ಬುದ್ಧಿಮಾತು, ಸಮುದಾಯ ಸೇವೆ, ದಂಡ, ತೀರಾ ಆದರೆ ವಿಶೇಷ ಗೃಹದಲ್ಲಿ ಗರಿಷ್ಠ 3 ವರ್ಷ. 16 ದಾಟಿ ಘೋರ ಅಪರಾಧ ಮಾಡಿದವನನ್ನು ದೊಡ್ಡವರಂತೆ ವಿಚಾರಣೆಗೆ ಒಳಪಡಿಸಬಹುದು, ಅವನಿಗೂ ಗಲ್ಲಿಲ್ಲ. ಉಳಿದವರ ದಾಖಲೆಯನ್ನು ನಿಗದಿತ ಅವಧಿ ಮುಗಿದ ಮೇಲೆ ನಾಶಮಾಡಬೇಕು. ಹೆಸರು, ಫೋಟೊ ಬಯಲುಮಾಡಿದವರಿಗೆ 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಊರಿನ ವಾಟ್ಸಾಪ್ ಗುಂಪಿನ ಅಡ್ಮಿನ್‌ಗೆ ಇದನ್ನು ಯಾರೂ ಫಾರ್ವರ್ಡ್ ಮಾಡಿಲ್ಲ. ಸರ್ಕಾರ ಕಡತ ಸುಟ್ಟರೂ ಸಂತೆಯಲ್ಲಿ ಅವನು "ಆ ಕಳ್ ನನ್ಮಗ"ನೇ. ಗ್ಯಾರೇಜಿನವನು ಸ್ಪ್ಯಾನರ್ ಮುಟ್ಟಿಸುವುದಿಲ್ಲ, ಹೋಟೆಲಿನವನು ಗಲ್ಲಾ ಕಡೆ ನೋಡಿಕೊಂಡೇ "ಕೆಲ್ಸ ಇಲ್ಲ ಹೋಗಪ್ಪ" ಅನ್ನುತ್ತಾನೆ. ಈ ಶನಿಗೆ ಎಳ್ಳುಬತ್ತಿಯೂ ಇಲ್ಲ.

ಕಾನೂನಿನ ಮೆತ್ತನೆಯ ಹಾಸಿಗೆಯಲ್ಲೂ ಜಾಗ ಹಂಚಿಕೆ ಹೇಗಿದೆ ಗೊತ್ತಲ್ಲ. 2024ರ ಮೇನಲ್ಲಿ ಪುಣೆಯಲ್ಲಿ ಪೋರ್ಷೆ ಕಾರು ಗುದ್ದಿ ಇಬ್ಬರು ಸತ್ತರು. ಓಡಿಸುತ್ತಿದ್ದನೆನ್ನಲಾದ ಹದಿನೇಳರ ಕುಮಾರನಿಗೆ ಗಂಟೆಗಳಲ್ಲೇ ಜಾಮೀನು, ಜೊತೆಗೆ ಅಪಘಾತದ ಬಗ್ಗೆ 300 ಪದದ ಪ್ರಬಂಧ. ಈ ಅಂಕಣದ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ನನ್ನ ಯಾವ ಪಾಪ ಕಳೆಯಿತೋ. ದೇಶ ಉಗಿದ ಮೇಲೆ ಅವನನ್ನು ವೀಕ್ಷಣಾಲಯಕ್ಕೆ ಕಳಿಸಿದರು, ರಕ್ತದ ಸ್ಯಾಂಪಲ್ ಬದಲಿಸಿದ ಆರೋಪದಲ್ಲಿ ಡಾಕ್ಟರುಗಳೂ ಸಿಕ್ಕಿಬಿದ್ದರು.

ನಮ್ಮ ಕೂಲಿಕಾರನ ಮಗನಿಗೆ ಪ್ರಬಂಧ ಸಿಗುವುದಿಲ್ಲ, ವಾಯಿದೆ ಸಿಗುತ್ತದೆ. ಪಾವಗಡ ತಾಲ್ಲೂಕಿನ ತಿರುಮಣಿಯ 2,050 ಮೆಗಾವಾಟ್ ಸೋಲಾರ್ ಪಾರ್ಕ್‌ನ ಕರೆಂಟು ಕ್ಷಣದಲ್ಲಿ ಗ್ರಿಡ್ ಸೇರುತ್ತದೆ. ಪಕ್ಕದ ಹಳ್ಳಿಯ ಹುಡುಗ ತುಮಕೂರಿನ ಬಾಲನ್ಯಾಯ ಮಂಡಳಿ ಸೇರಲು ನೂರು ಕಿಲೋಮೀಟರಿನಷ್ಟು ಬಸ್ಸಿನಲ್ಲಿ ಕುಲುಕಬೇಕು, ಜೊತೆಗೆ ಅಪ್ಪನ ಒಂದು ದಿನದ ಕೂಲಿ ಕಟ್. ತಪ್ಪು ಮಗನದು, ದಂಡ ಪ್ರತಿ ವಾಯಿದೆಗೂ ಅಪ್ಪನದು.

ನಮ್ಮ ಜಿಲ್ಲೆಯವರೇ ಆದ ಕೊರಟಗೆರೆಯ ಶಾಸಕ ಜಿ. ಪರಮೇಶ್ವರ್ 2023ರಲ್ಲಿ ಗೃಹ ಸಚಿವರಾದವರು. ಬಾಲನ್ಯಾಯ ಮಂಡಳಿ ಆ ಖಾತೆಗೆ ಸೇರದು, ಒಪ್ಪಿದೆ. ಆದರೂ ಸ್ವಾಮಿ, ಜಿಲ್ಲೆಯಾಗಬೇಕೆಂದು ವರ್ಷಗಳಿಂದ ಗೋಗರೆಯುತ್ತಿರುವ ಮಧುಗಿರಿಯಲ್ಲಿ ತಿಂಗಳಿಗೊಮ್ಮೆಯಾದರೂ ಮಂಡಳಿ ಕೂರುವಂತೆ ಒಂದು ಮಾತು ಹಾಕಿ. ಅಲ್ಲಿಯವರೆಗೆ ಟೀ ಅಂಗಡಿಯ ನ್ಯಾಯಾಧೀಶರು ತಮ್ಮ ಗಾಡಿ ಕೀಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳಲಿ.