ರಿಮ್ಮಣ್ಣ

ಗೋಣಿಕೊಪ್ಪ, ಪೊನ್ನಂಪೇಟೆ, ಸಿದ್ದಾಪುರ, ಸುಂಟಿಕೊಪ್ಪ, ಕೊಡಗಿನ ಯಾವ ಪೇಟೆಯಲ್ಲಾದರೂ ಟೈರ್ ಅಂಗಡಿ ಮುಂದೆ ಹತ್ತು ನಿಮಿಷ ನಿಂತರೆ ರಿಮ್ಮಣ್ಣ ಸಿಗುತ್ತಾನೆ. ಅವನಿಗೆ ಮನೆತನದ ಹೆಸರುಂಟು, ತಾತನಿಂದ ಬಂದ ಹೆಸರುಂಟು. ಊರು ಎರಡನ್ನೂ ಬದಿಗಿಟ್ಟು ಈ ಮೂರನೆಯದನ್ನು ಕೊಟ್ಟಿದೆ. ಹಾಗೆ ಕರೆದರೆ ಅವನಿಗೆ ಬೇಸರವೂ ಇಲ್ಲ.

ಎದುರಿಗೆ ಗಾಡಿ ಬಂದರೆ ಅವನು ಮೊದಲು ಚಕ್ರ ನೋಡುತ್ತಾನೆ, ಆಮೇಲೆ ನಂಬರ್ ಪ್ಲೇಟು, ಪುರುಸೊತ್ತಿದ್ದರೆ ಒಳಗೆ ಕೂತವರ ಮುಖ. ಮದುವೆಗೆ ಹೋದರೆ ಮಂಟಪಕ್ಕಿಂತ ಹೆಚ್ಚು ಹೊತ್ತು ಗಾಡಿ ನಿಲ್ಲಿಸುವ ಬಯಲಿನಲ್ಲೇ ಇರುತ್ತಾನೆ. ಸಾವಿನ ಮನೆಯಲ್ಲಿ ತಲೆ ತಗ್ಗಿಸಿ ನಿಂತಾಗ ದುಃಖಕ್ಕೆಂದು ನಾವು ತಿಳಿದುಕೊಂಡರೆ, ಅವನು ಪಕ್ಕದ ಜೀಪಿನ ಆಕ್ಸಲ್ ಬಗ್ಗಿ ನೋಡುತ್ತಿರುತ್ತಾನೆ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ ಎಲ್ಲರೂ ಕೋವಿಯ ಬಾಯಿಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿದರೆ, ಇವನು ಒಂದನ್ನು ಉಳಿಸಿಕೊಂಡು ಚಕ್ರದ ನಟ್ಟಿಗೂ ಸಿಕ್ಕಿಸುತ್ತಾನೆ.

ಅವನ ಗಾಡಿ ಥಾರ್, ಕೆಎ 12. ಅದರ ಹೊಸ ಅವತಾರ 2020ರ ಆಗಸ್ಟ್ 15ರಂದು ಹೊರಬಿತ್ತು. ಅಂದಿನಿಂದ ರಿಮ್ಮಣ್ಣನಿಗೆ ಆ ದಿನದ ಮೇಲೆ ಅಭಿಮಾನ ಇಮ್ಮಡಿಯಾಗಿದೆ. 2024ರಲ್ಲಿ ರೊಬಸ್ಟಾ ಬೆಲೆ ದಾಖಲೆ ಮುಟ್ಟಿದಾಗ ನೆರೆಹೊರೆಯವರು ಸಾಲ ತೀರಿಸಿದರು, ಸೋರುವ ಮಾಡಿನ ಹೆಂಚು ಬದಲಿಸಿದರು, ಮಗಳ ಕಾಲೇಜಿನ ಫೀಸು ಕಟ್ಟಿದರು. ರಿಮ್ಮಣ್ಣ ಕಾಫಿ ಮಾರಿದ ಹಣದಲ್ಲಿ ಒಂದು ಪಾಲು ತೆಗೆದು ನಾಲ್ಕು ಅಲಾಯ್ ರಿಮ್ಮು ತರಿಸಿದ. 15 ಇಂಚಿನವು. ಗಾಡಿಯಲ್ಲಿ ಆಗಲೇ ಇದ್ದದ್ದು 18 ಇಂಚಿನವು.

“ಸಣ್ಣದು ಹಾಕಿದರೆ ದುಡ್ಡು ವಾಪಸ್ ಕೊಡುತ್ತಾರಾ ಮೋನೇ?” ಎಂದು ಕೇಳಿದರು ಅವ್ವ. ಲೋಕದಲ್ಲಿ ಸಣ್ಣದಕ್ಕೆ ಕಡಿಮೆ ಬೆಲೆ ಎಂದು ನಂಬಿಕೊಂಡಿದ್ದವರು ಅವರು.

ಅವನ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಹೊರಗಿನ ಎತ್ತರ ಅಷ್ಟೇ ಇಟ್ಟು ರಿಮ್ಮು ಸಣ್ಣದು ಮಾಡಿದರೆ ನಡುವಿನ ರಬ್ಬರಿಗೆ ಜಾಗ ಜಾಸ್ತಿ. ಕಂಪನಿ ಕೊಟ್ಟ 255/65 ಆರ್ 18 ಟೈರಿನ ಪಕ್ಕೆ ಸುಮಾರು 166 ಮಿ.ಮೀ. ಎತ್ತರ. 15 ಇಂಚಿನ ರಿಮ್ಮಿಗೆ 31 ಇಂಚು ಎತ್ತರದ ಟೈರು ಹಾಕಿದರೆ ಪಕ್ಕೆ 203 ಮಿ.ಮೀ. ಆಗುತ್ತದೆ. ಗಾಳಿ ಇಳಿಸಿದರೆ ಆ ಪಕ್ಕೆ ಉಬ್ಬಿ, ಟೈರು ನೆಲಕ್ಕೆ ಉದ್ದಕ್ಕೆ ಒರಗಿ, ಆಷಾಢದ ಕೆಸರನ್ನು ಹಿಡಿದುಕೊಳ್ಳುತ್ತದೆ. ಇದೆಲ್ಲ ನಿಜ. ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವವರು ಹಳೇ ಜೀಪಿನ ಕಂಪನಿ ರಿಮ್ಮಿನಲ್ಲೇ ದಿನಾ ಹತ್ತಿ ಇಳಿಯುತ್ತಾರೆ ಎಂಬುದೂ ನಿಜ. ಆದರೆ ಅದನ್ನು ರಿಮ್ಮಣ್ಣನ ಎದುರು ಹೇಳಬಾರದು.

ಈ ಹುಚ್ಚು ಹತ್ತಿದ್ದು ಮೊಬೈಲಿನಲ್ಲಿ, ಅಮೆರಿಕದ ಡ್ರ್ಯಾಗ್ ರೇಸ್ ನೋಡಿ. ಅಲ್ಲಿ ಕಾಲು ಮೈಲಿ, ಅಂದರೆ 402 ಮೀಟರ್, ನೇರ ರಸ್ತೆಯಲ್ಲಿ ಗಾಡಿ ಚಿಮ್ಮಬೇಕು. ಅದಕ್ಕೆಂದು ಹಿಂದಿನ ಚಕ್ರಕ್ಕೆ ಸಣ್ಣ ರಿಮ್ಮು, ದಪ್ಪ ಪಕ್ಕೆಯ ಟೈರು. ರಿಮ್ಮಣ್ಣನ ತೋಟದ ದಾರಿಯಲ್ಲಿ 40 ಮೀಟರ್ ನೇರ ಸಿಕ್ಕಿದರೆ ಪುಣ್ಯ, ಅದರ ಕೊನೆಗೂ ಒಂದು ಸಿಲ್ವರ್ ಓಕ್ ಮರ ನಿಂತಿರುತ್ತದೆ.

ಆ ವಿಡಿಯೊಗಳಲ್ಲಿ ಅವನು ಬೇಗ ದಾಟಿಸಿಬಿಟ್ಟ ಭಾಗವೊಂದಿತ್ತು. ಡಾಡ್ಜ್ ಕಂಪನಿಯ ಚಾಲೆಂಜರ್ ಹೆಲ್‌ಕ್ಯಾಟ್‌ಗೆ 707 ಕುದುರೆಶಕ್ತಿ, 20 ಇಂಚಿನ ಚಕ್ರ, ಮುಂದೆ 390 ಮಿ.ಮೀ. ಬ್ರೇಕ್ ಡಿಸ್ಕು, ಹಿಂದೆ 350. ಅದೇ ಕಂಪನಿ 2018ರ ಮಾಡೆಲಾಗಿ ಡ್ರ್ಯಾಗ್ ಓಟಕ್ಕೆಂದೇ ಡೀಮನ್ ಎಂಬ ಗಾಡಿ ತಂದಿತು. ರೇಸ್ ಪೆಟ್ರೋಲ್ ಹಾಕಿದರೆ 840 ಕುದುರೆಶಕ್ತಿ. ಅದಕ್ಕೆ ಕೊಟ್ಟ ಚಕ್ರ 18 ಇಂಚಿನದು, ಜೊತೆಗೆ ಮುಂದಿನ ಡಿಸ್ಕನ್ನೂ 360ಕ್ಕೆ ಇಳಿಸಿದರು. ಇನ್ನೂ ಕೆಳಗೆ, 15 ಇಂಚಿಗೆ ಹೋಗುವ ಹುಡುಗರು ಹಿಂದಿನ ಬ್ರೇಕನ್ನೇ ಬಿಚ್ಚಿ ಸಣ್ಣದು ಕೂರಿಸುತ್ತಾರೆ. ಕಾರಣ ಶಾಲೆಯ ಗಣಿತ. 15 ಇಂಚೆಂದರೆ 381 ಮಿ.ಮೀ., ಅದೂ ಟೈರು ಕೂರುವ ಅಂಚಿನ ಅಳತೆ. ಅದರೊಳಗೆ 350ರ ಡಿಸ್ಕು ಇಟ್ಟರೆ ಸುತ್ತ ಉಳಿಯುವುದು ಹದಿನೈದೂವರೆ ಮಿ.ಮೀ. ಅಷ್ಟರಲ್ಲೇ ರಿಮ್ಮಿನ ಲೋಹದ ದಪ್ಪವೂ ಇರಬೇಕು, ಡಿಸ್ಕಿನ ಹೆಗಲೇರಿ ಕೂತು ಅದನ್ನು ಹಿಡಿಯುವ ಕ್ಯಾಲಿಪರೂ ಇರಬೇಕು. ಎರಡು ಜನ ಮಲಗುವ ಮಂಚದಲ್ಲಿ ನೆಂಟರನ್ನೂ ಮಲಗಿಸಿದ ಹಾಗೆ.

ರಿಮ್ಮಣ್ಣನ ಲೆಕ್ಕ ಬೇರೆ ಇತ್ತು. “ಐದು ಬೋಲ್ಟು, 139.7 ಪಿಸಿಡಿ. ತಾತನ ವಿಲ್ಲಿಸ್ ಜೀಪಿಗೂ ಅದೇ, ಜಿಪ್ಸಿಗೂ ಅದೇ, ಥಾರ್‌ಗೂ ಅದೇ. ಕೂರದೆ ಎಲ್ಲಿಗೆ ಹೋಗ್ತದೆ?” ಬೋಲ್ಟು ಕೂರುವ ವೃತ್ತದ ಮಾತು ಸರಿಯೇ. ಆದರೆ ತಾತನ ಜೀಪಿಗೆ ನಾಲ್ಕೂ ಕಡೆ 9 ಇಂಚಿನ ಡ್ರಮ್ಮು, ಅದರ ಮೇಲೆ 16 ಇಂಚಿನ ರಿಮ್ಮು. ನಡುವಿನ ಖಾಲಿ ಜಾಗದಲ್ಲಿ ಇಲಿ ಸಂಸಾರ ಹೂಡಬಹುದಿತ್ತು. ಇಂಥ ತಲೆನೋವು ಆ ತಾತನಿಗೆ ಬರಲಿಲ್ಲ, ಅವರಿಗಿದ್ದದ್ದು ನಿಲ್ಲಿಸುವ ತಲೆನೋವು.

ಭಾನುವಾರ ಕಾಫಿ ಕಣದಲ್ಲೇ ಜ್ಯಾಕ್ ಏರಿತು. ಮೇಸ್ತ್ರಿಯನ್ನು ಊಟಕ್ಕೆಂದು ಕರೆಸಲಾಗಿತ್ತು, ಸ್ಪ್ಯಾನರ್ ತರಲು ಮರೆಯಬೇಡಿ ಎಂದೂ ಹೇಳಲಾಗಿತ್ತು. ಹಿಂದಿನ ಎರಡು ಚಕ್ರ ಸಲೀಸಾಗಿ ಕೂತವು. ಥಾರ್‌ಗೆ ಹಿಂದೆ ಡ್ರಮ್ಮು ತಾನೆ. ರಿಮ್ಮಣ್ಣ ಹನ್ನೊಂದು ಫೋಟೊ ತೆಗೆದು ಗೆಳೆಯರಿಗೆಲ್ಲ ಕಳಿಸಿದ. ಮುಂದಿನ ಚಕ್ರ ಬೋಲ್ಟಿಗೆ ಸೇರಿತು, ಕೈಯಲ್ಲಿ ತಿರುಗಿಸಿದರೆ ಅರ್ಧ ಸುತ್ತು ಬಂದು ‘ಕರ್ರ್’ ಎಂದು ನಿಂತುಬಿಟ್ಟಿತು.

“ಸ್ಪೇಸರ್ ಹಾಕುವ,” ಎಂದ ರಿಮ್ಮಣ್ಣ. ಈ ಜಾತಿಯವರ ಸರ್ವರೋಗಕ್ಕೂ ಅದೇ ಮದ್ದು. ಹಬ್ಬಿಗೂ ರಿಮ್ಮಿಗೂ ನಡುವೆ ಬಿಲ್ಲೆ ಇಟ್ಟರೆ ಚಕ್ರ ಹೊರಗೆ ಸರಿಯುತ್ತದೆ. ಕ್ಯಾಲಿಪರಿನ ಮುಖ ರಿಮ್ಮಿನ ಕಡ್ಡಿಗಳಿಗೆ ತಾಗುತ್ತಿದ್ದರೆ ಅದು ಸಾಕು. ತಾಗುತ್ತಿರುವುದು ಕ್ಯಾಲಿಪರಿನ ನೆತ್ತಿಯಾದರೆ ಏನು ಮಾಡಿದರೂ ಅಷ್ಟೆ. ಕೋಣೆಯನ್ನು ಆಚೆ ತಳ್ಳಿದರೆ ಸೂರು ಮೇಲೇರುವುದಿಲ್ಲ. ಬಿಲ್ಲೆ ಬಂತು, ಚಕ್ರ ಒಂದು ಇಂಚು ಹೊರಗೆ ಬಂತು, ‘ಕರ್ರ್’ ಇದ್ದಲ್ಲೇ ಇತ್ತು.

ಎಲ್ಲಿ, ಎಷ್ಟು ತಾಗುತ್ತದೆ ಎಂದು ತಿಳಿಯಲು ಮೇಸ್ತ್ರಿಗಳದೊಂದು ಹಳೇ ಉಪಾಯವಿದೆ. ಕ್ಯಾಲಿಪರಿನ ಮೇಲೆ ಮೆತ್ತನೆಯ ಜೇಡಿಮಣ್ಣಿನ ಉಂಡೆ ಅಂಟಿಸುವುದು, ಚಕ್ರ ತೊಡಿಸಿ ತಿರುಗಿಸುವುದು, ಬಿಚ್ಚಿ ಮಣ್ಣಿನ ದಪ್ಪ ನೋಡುವುದು. ಕನಿಷ್ಠ 3 ಮಿ.ಮೀ. ಉಳಿದಿರಬೇಕು. ರಿಮ್ಮಿನ ಒಳಗೆ ಅಂಟಿಸುವ ಬ್ಯಾಲೆನ್ಸಿಂಗ್ ಸೀಸದ ತುಂಡುಗಳಿಗೂ ಅದರಲ್ಲೇ ಜಾಗ ಆಗಬೇಕು. ಕಣದಲ್ಲಿ ಆ ಹೊತ್ತಿಗೆ ಜೇಡಿಮಣ್ಣಿರಲಿಲ್ಲ. ಅಡುಗೆಮನೆಯಲ್ಲಿ ಪಂದಿಕರಿ ಕುದಿಯುತ್ತಿತ್ತು, ಪಕ್ಕದ ಪಾತ್ರೆಯಲ್ಲಿ ಕಡಂಬುಟ್ಟಿನ ಹಿಟ್ಟು ಉಂಡೆಯಾಗಲು ಕಾದಿತ್ತು.

ಎರಡು ಉಂಡೆ ಹೋಯಿತು. ಚಕ್ರ ಬಿಚ್ಚಿದಾಗ ಒಂದು ಕಡೆ ಹಿಟ್ಟು ನೂಪುಟ್ಟಿನ ಎಳೆಯಷ್ಟು ತೆಳ್ಳಗೆ, ಇನ್ನೊಂದು ಕಡೆ ಹಿಟ್ಟೇ ಇಲ್ಲ, ಬರಿ ಕಬ್ಬಿಣ ಹೊಳೆಯುತ್ತಿತ್ತು. ಕಣದ ಅಂಚಿನಲ್ಲಿ ನಿಂತು ನೋಡುತ್ತಿದ್ದ ತೋಟದ ರೈಟರ್ ಮುಖ ಆ ಕಡೆ ತಿರುಗಿಸಿದರು. ನಗುವವರು ತಿರುಗುವ ಹಾಗೆ.

“ಸ್ವಲ್ಪ ಗ್ರೈಂಡರ್ ಹಿಡಿದರೆ?” ಎಂದು ಕೇಳಿದ ರಿಮ್ಮಣ್ಣ. ಕ್ಯಾಲಿಪರ್ ಎಂದರೆ ಬ್ರೇಕ್ ಆಯಿಲಿನ ಒತ್ತಡವನ್ನೆಲ್ಲ ಮೈಯಲ್ಲಿ ತಡೆದುಕೊಳ್ಳುವ ಲೋಹ. ಉಜ್ಜಿದಷ್ಟೂ ಅದರ ಗಟ್ಟಿತನ ಇಳಿಯುತ್ತದೆ. ಮೇಸ್ತ್ರಿ ಇಷ್ಟೆಲ್ಲ ವಿವರಿಸಲಿಲ್ಲ. “ಅಣ್ಣ, ಸಂಪಾಜೆ ಘಾಟಿ ಇಳಿಯುವಾಗ ನೀವು ಗ್ರೈಂಡರ್ ಒತ್ತುತ್ತೀರೋ, ಬ್ರೇಕ್ ಒತ್ತುತ್ತೀರೋ?” ಎಂದು ಕೇಳಿ ಕೈ ತೊಳೆಯಲು ಹೋದರು. ಅಲ್ಲಿಗೆ ಊಟ.

ಕಾನೂನಿನ ಮಾತು ಎತ್ತಿದವನು ಊಟಕ್ಕೆ ಬಂದಿದ್ದ ವಕೀಲ ಭಾವ. ನೋಂದಣಿ ಪುಸ್ತಕದಲ್ಲಿರುವ ಮೂಲ ವಿವರ ಬದಲಾಗುವಂತೆ ಗಾಡಿ ತಿದ್ದಬಾರದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅಕ್ರಮ ಬದಲಾವಣೆ ಒಂದೊಂದಕ್ಕೂ 5,000 ರೂಪಾಯಿ ದಂಡವೋ, ಆರು ತಿಂಗಳವರೆಗಿನ ಜೈಲೋ ಉಂಟು. ರಿಮ್ಮಣ್ಣ ಎರಡನೇ ಸಲ ಕರಿ ಬಡಿಸಿಕೊಳ್ಳುತ್ತಾ, “ಒಂದೊಂದಕ್ಕೂ ಅಂದರೆ, ನಾಲ್ಕು ಚಕ್ರ ಒಂದು ಲೆಕ್ಕವಾ, ನಾಲ್ಕು ಲೆಕ್ಕವಾ?” ಎಂದು ಕೇಳಿದ. ಭಾವ ಉತ್ತರ ಕೊಡಲಿಲ್ಲ.

ದಾರಿ ತೋರಿಸಿದ್ದು ಕೊನೆಗೂ ಮೇಸ್ತ್ರಿಯೇ. ಥಾರ್‌ನ ಕೆಳಗಿನ ಮಾಡೆಲ್‌ಗೆ ಕಂಪನಿಯೇ 16 ಇಂಚಿನ ಸಾದಾ ಕಬ್ಬಿಣದ ರಿಮ್ಮು, 245/75 ಟೈರು ಕೊಟ್ಟಿತ್ತು. ಕ್ಯಾಲಿಪರಿಗೆ ತಾಗುವ ಪ್ರಶ್ನೆಯೇ ಇಲ್ಲ, ಪಕ್ಕೆಯೂ 184 ಮಿ.ಮೀ. ಪೇಟೆಯಲ್ಲೇ ಇನ್ನೊಬ್ಬ ರಿಮ್ಮಣ್ಣನಿದ್ದ. ಅವನು ಆ ಕೆಳಗಿನ ಮಾಡೆಲ್ ಕೊಂಡು, ಹೊಳೆಯುವ 18 ಇಂಚು ಬೇಕೆಂದು ಆರು ತಿಂಗಳಿಂದ ನಿದ್ದೆಗೆಟ್ಟಿದ್ದ. ವರ್ಕ್‌ಶಾಪಿನ ಮುಂದೆ ಇಬ್ಬರೂ ಚಕ್ರ ಬದಲಾಯಿಸಿಕೊಂಡರು. ಒಬ್ಬರಿಗೊಬ್ಬರು ಟೋಪಿ ಹಾಕಿದೆವೆಂದು ಇಬ್ಬರಿಗೂ ಖುಷಿ.

15 ಇಂಚಿನ ನಾಲ್ಕು ಅಲಾಯ್‌ಗಳಲ್ಲಿ ಮೂರರ ಮೇಲೆ ಅವ್ವನ ಆಂಥೂರಿಯಂ ಕುಂಡಗಳಿವೆ, ನಾಲ್ಕನೆಯದಕ್ಕೆ ನೀರಿನ ಪೈಪು ಸುತ್ತಿದ್ದಾರೆ. ಮಾರಾಟಕ್ಕಿವೆ. ಬೇಕಾದವರು ಬರಬಹುದು, ತಮ್ಮ ಗಾಡಿಯ ಬ್ರೇಕಿನ ಅಳತೆ ತರಬೇಕು. ಹಿಟ್ಟು ಅವ್ವ ಕೊಡುತ್ತಾರೆ.