ಫೋನು ಹೇಳುವ ಸುಳ್ಳು

ಕ್ರೋಮ್‌ನ ಬಲಮೂಲೆಯ ಮೂರು ಚುಕ್ಕಿ ಒತ್ತಿದರೆ ಉದ್ದನೆಯ ಪಟ್ಟಿಯೊಂದು ಇಳಿಯುತ್ತದೆ. ಅದರ ತಳದಲ್ಲೆಲ್ಲೋ 'ಡೆಸ್ಕ್‌ಟಾಪ್ ಸೈಟ್' ಎಂಬ ಸಾಲು, ಪಕ್ಕದಲ್ಲೊಂದು ಚೌಕ. ಆ ಚೌಕಕ್ಕೆ ಟಿಕ್ ಹಾಕುವವರದೇ ಒಂದು ಪಂಗಡ. ನಾನೂ ಅದರ ಸದಸ್ಯ. ಬಸ್ಸಿನಲ್ಲಿ ನಮ್ಮನ್ನು ಸುಲಭವಾಗಿ ಗುರುತಿಸಬಹುದು. ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಮೂಗಿನ ತುದಿಗೆ ತಂದು, ಎರಡು ಬೆರಳಲ್ಲಿ ಪುಟವನ್ನು ಹಿಗ್ಗಿಸುತ್ತಾ ಕುಗ್ಗಿಸುತ್ತಾ ಇರುತ್ತೇವೆ.

"ಮೊಬೈಲಿಗೆ ಅಂತಲೇ ಚೆನ್ನಾಗಿ ಮಾಡಿಟ್ಟಿದಾರಲ್ಲಪ್ಪಾ, ಇದ್ಯಾಕೆ ಕಣ್ಣು ಕಳ್ಕೊಳ್ತೀಯ?" ಅನ್ನುತ್ತಾಳೆ ಮಗಳು. ಮಾಡಿಟ್ಟಿದ್ದಾರೆ, ನಿಜ. ಏನೇನು ತೆಗೆದಿಟ್ಟರು ಅಂತ ಹೇಳಲಿಲ್ಲವಲ್ಲ! ವಿಕಿಪೀಡಿಯವನ್ನೇ ನೋಡಿ. ಲಾಗಿನ್ ಆಗದೆ ಮೊಬೈಲ್ ಪುಟ ಓದುವವರಿಗೆ ಬುಡದಲ್ಲಿನ ವರ್ಗಗಳ ಸಾಲು ಕಾಣುವುದಿಲ್ಲ. ಒಬ್ಬ ಕವಿಯಿಂದ ಇನ್ನೊಬ್ಬನಿಗೆ, ಅಲ್ಲಿಂದ ಅವನ ಊರಿಗೆ, ಊರಿಂದ ಹೊಳೆಗೆ ಅಲೆಯುವ ಸೋಮಾರಿ ಸುಖಕ್ಕೇ ಕತ್ತರಿ.

ಟಿಕ್ ಬಿದ್ದಾಗ ನಡೆಯುವುದು ಒಂದು ಸಣ್ಣ ಸುಳ್ಳು. ಪ್ರತಿ ಸೈಟಿನ ಬಾಗಿಲಲ್ಲೂ ಬ್ರೌಸರು ತನ್ನ ಕುಲಗೋತ್ರ ಹೇಳಿಕೊಳ್ಳಬೇಕು; ಯೂಸರ್ ಏಜೆಂಟ್ ಅಂದರೆ ಅದೇ. ಅಲ್ಲಿಯವರೆಗೆ 'ಆಂಡ್ರಾಯ್ಡ್, ಮೊಬೈಲ್' ಎನ್ನುತ್ತಿದ್ದದ್ದು ಟಿಕ್ ಹಾಕಿದೊಡನೆ 'ಲಿನಕ್ಸ್ ಕಂಪ್ಯೂಟರು' ಎಂದುಬಿಡುತ್ತದೆ. ಬೈಯುವ ಹಾಗಿಲ್ಲ, ವಂಶವೇ ಅಂಥದ್ದು. 1990ರ ದಶಕದಲ್ಲಿ ನೆಟ್‌ಸ್ಕೇಪ್ ಬ್ರೌಸರಿಗೆ ಸಿಗುತ್ತಿದ್ದ ಒಳ್ಳೊಳ್ಳೆಯ ಪುಟಗಳು ತನಗೂ ಸಿಗಲೆಂದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಅದರದೇ ಗುರುತುಹೆಸರು ಹಿಡಿದು 'ನಾನೂ ಮೊಜಿಲ್ಲಾ' ಎಂದಿತು. ಇವತ್ತಿಗೂ ಕ್ರೋಮ್, ಸಫಾರಿ ಎರಡೂ 'ಮೊಜಿಲ್ಲಾ/5.0' ಎಂದೇ ಬಾಯಿ ತೆರೆಯುವುದು. ಕ್ರೋಮ್ ಸಾಲದ್ದಕ್ಕೆ ಸಫಾರಿಯ ಹೆಸರನ್ನೂ ಸೇರಿಸಿಕೊಳ್ಳುತ್ತದೆ.

ತಮಾಷೆಯೆಂದರೆ, ಇಡೀ ಪುಟ ಕಾಣುವುದೇ ಒಂದು ಕಾಲಕ್ಕೆ ದೊಡ್ಡಸ್ತಿಕೆಯಾಗಿತ್ತು. 2007ರಲ್ಲಿ ಮೊದಲ ಐಫೋನ್ ತೋರಿಸುವಾಗ ಸ್ಟೀವ್ ಜಾಬ್ಸ್ ನ್ಯೂಯಾರ್ಕ್ ಟೈಮ್ಸ್‌ನ ಪೂರ್ತಿ ಪುಟ ತೆರೆದು ಬೀಗಿದರು. 980 ಪಿಕ್ಸೆಲ್ ಅಗಲದ ಪುಟ 320 ಪಿಕ್ಸೆಲ್‌ಗೆ ಮುದುಡಿ ಕೂರುತ್ತಿತ್ತು; ಎರಡು ಸಲ ತಟ್ಟಿದರೆ ಬೇಕಾದ ಕಾಲಂ ಉಬ್ಬುತ್ತಿತ್ತು. ಆಮೇಲೆ 2010ರಲ್ಲಿ ಈಥನ್ ಮಾರ್ಕಾಟ್ 'ರೆಸ್ಪಾನ್ಸಿವ್ ವೆಬ್ ಡಿಸೈನ್' ಎಂಬ ಲೇಖನ ಬರೆದರು. ಪರದೆಯ ಅಗಲ ನೋಡಿಕೊಂಡು ಪುಟವೇ ಮಡಚಿಕೊಳ್ಳುವ ವಿದ್ಯೆ ಹಬ್ಬಿತು. ಹಾಗಾಗಿ ಈಗ ಹೆಸರು ಬದಲಿಸಿದರಷ್ಟೇ ಸಾಲದು, ಬ್ರೌಸರು ತನ್ನ ಸೊಂಟದ ಸುತ್ತಳತೆಯಲ್ಲೂ ಸುಳ್ಳು ಹೇಳಬೇಕು. 2019ರಲ್ಲಿ ಐಪ್ಯಾಡ್ ಅಂತೂ ಯಾರೂ ಕೇಳದೆಯೇ ತಾನು ಕಂಪ್ಯೂಟರೆಂದು ಹೇಳಿಕೊಳ್ಳತೊಡಗಿತು.

ಕಷ್ಟವೂ ಇದೆ. ಮೌಸ್ ಬಾಣವನ್ನು ಸುಮ್ಮನೆ ಮೇಲೆ ತಂದರೆ ತೆರೆಯುವ ಮೆನುಗಳಿರುತ್ತವಲ್ಲ, ಅವುಗಳ ಮುಂದೆ ಬೆರಳು ದಡ್ಡ. ಅದಕ್ಕೆ ಮುಟ್ಟುವುದು ಗೊತ್ತು, ಮುಟ್ಟದಿರುವುದು ಗೊತ್ತು. ಮೇಲೆ ತೇಲುವುದು ಗೊತ್ತಿಲ್ಲ. ಮೆನು ತೆರೆಯಲು ಹೋಗಿ ಬೇರೆಯೇ ಪುಟಕ್ಕೆ ಬಿದ್ದಿರುತ್ತೇವೆ.

ನನಗೆ ಅಕ್ಕರೆ ಇರುವುದು ಹಳೆಯ ಸರ್ಕಾರಿ ಸೈಟುಗಳ ಮೇಲೆ. ಬುಡದಲ್ಲಿ '1024 x 768 ಅಳತೆಯಲ್ಲಿ ಚೆನ್ನಾಗಿ ಕಾಣುತ್ತದೆ' ಎಂಬ ಪ್ರಾಮಾಣಿಕ ಸೂಚನೆ ಹೊತ್ತ ಸೈಟುಗಳು. ಅವುಗಳ ಮುಂದೆ ಟಿಕ್ಕೂ ಬೇಡ, ಸುಳ್ಳೂ ಬೇಡ. ಅವು ಮೊಬೈಲ್ ಎಂಬುದೊಂದಿದೆ ಎಂಬ ಸುದ್ದಿಯನ್ನೇ ಇನ್ನೂ ಕೇಳಿಲ್ಲ.